ಲ್ಯಾಪ್‌ಲ್ಯಾಂಡ್‌ನ ಹಗಲು ಕ್ಯಾಬಿನ್‌ಗಳು: ಸಾರಿಸೆಲ್ಕಾ ಗುಡ್ಡಗಳಲ್ಲಿ ನಡೆಯುವವರಿಗೆ ಕೈಪಿಡಿ

ಫಿನ್ಲೆಂಡಿನ ಉತ್ತರ ಭಾಗವಾದ ಲ್ಯಾಪ್‌ಲ್ಯಾಂಡ್‌ನಲ್ಲಿ, ಆರ್ಕ್‌ಟಿಕ್ ವೃತ್ತದಿಂದಲೂ ಸಾಕಷ್ಟು ಮೇಲೆ, ಸಾರಿಸೆಲ್ಕಾ ಎಂಬ ಪುಟ್ಟ ಊರಿದೆ. ಅದರ ಅಂಚಿನಲ್ಲೇ ಉರ್ಹೋ ಕೆಕ್ಕೊನೆನ್ ರಾಷ್ಟ್ರೀಯ ಉದ್ಯಾನ ಶುರುವಾಗುತ್ತದೆ. 1983ರಲ್ಲಿ ಘೋಷಣೆಯಾದ ಈ ಉದ್ಯಾನದ ವಿಸ್ತೀರ್ಣ ಸುಮಾರು 2,550 ಚದರ ಕಿಲೋಮೀಟರ್, ಅಂದರೆ ನಮ್ಮ ಕೊಡಗು ಜಿಲ್ಲೆಯ ಅರ್ಧಕ್ಕಿಂತ ಹೆಚ್ಚು. ಪ್ರವೇಶ ಶುಲ್ಕವಿಲ್ಲ. ಕುದುರೆಮುಖ, ಕುಮಾರಪರ್ವತಕ್ಕೆ ಮಾಡಿಸುವಂತೆ ಆನ್‌ಲೈನ್ ಬುಕಿಂಗ್ ಮಾಡಿಸಬೇಕಾಗಿಲ್ಲ, ಗೈಡ್ ಕಡ್ಡಾಯವಲ್ಲ. ದಾರಿಯಲ್ಲಿ ಸಿಗುವ ಮರದ ಹಗಲು ಕ್ಯಾಬಿನ್‌ಗಳಿಗೂ ಬಾಡಿಗೆಯಿಲ್ಲ. ಬಾಗಿಲು ತಳ್ಳಿದರೆ ತೆರೆದುಕೊಳ್ಳುತ್ತದೆ. ಒಳಗೆ ಬೆಂಚು, ಮೇಜು, ಕಬ್ಬಿಣದ ಒಲೆ ಇರುತ್ತವೆ. ಪಕ್ಕದ ಕೊಟ್ಟಿಗೆಯಲ್ಲಿ ಸೌದೆ, ಕೊಡಲಿ, ಗರಗಸ.

ಎಸ್ಪೂ, ತಾಂಪೆರೆ, ಔಲು ಕಡೆ ಕೆಲಸಕ್ಕೆ ಬಂದ ಕನ್ನಡಿಗರು ರಜೆಯಲ್ಲಿ ಇತ್ತ ಬರುವುದು ಹೆಚ್ಚಾಗಿ ರಾತ್ರಿಯ ಆಕಾಶದಲ್ಲಿ ಮೂಡುವ ಉತ್ತರದ ಬೆಳಕು (ಅರೋರಾ) ನೋಡಲಿಕ್ಕೆ. ಬಂದವರು ಒಂದು ಹಗಲು ನಡೆಯದೆ ಹೋಗುವುದು ನಷ್ಟ. ಆದರೆ ಈ ಕ್ಯಾಬಿನ್‌ಗಳಿಗೆ ಕಾವಲುಗಾರನಿಲ್ಲ, ದಿನವೂ ಬಂದು ಗುಡಿಸುವವರಿಲ್ಲ. ನೀವು ಒಳಗೆ ಹೋದಾಗ ಒಣಸೌದೆ ಸಿಕ್ಕಿದ್ದರೆ ಹಿಂದಿನವರು ತಂದಿಟ್ಟು ಹೋಗಿದ್ದಾರೆ ಎಂದರ್ಥ. ಕೆಳಗೆ ಹೇಳುವ ಹೆಚ್ಚಿನ ನಿಯಮಗಳು ಹುಟ್ಟಿರುವುದು ಇದರಿಂದಲೇ.

ಯಾವ ಕ್ಯಾಬಿನ್ ಯಾತಕ್ಕೆ

ಉದ್ಯಾನವನ್ನು ನೋಡಿಕೊಳ್ಳುವುದು ಮೆಟ್ಸಾಹಲ್ಲಿತುಸ್ ಎಂಬ ಸರಕಾರಿ ಅರಣ್ಯ ಸಂಸ್ಥೆ. ಅದರ ನಕಾಶೆಯಲ್ಲಿ ಹಲವು ಬಗೆಯ ಆಸರೆಗಳಿವೆ, ಹೊಸಬರು ಗೊಂದಲಕ್ಕೆ ಬೀಳುವುದು ಇಲ್ಲೇ. ಪೈವಾತುಪಾ ಎಂದರೆ ಹಗಲು ಕ್ಯಾಬಿನ್: ಕೂತು ಉಣ್ಣಬಹುದು, ಮೈ ಬೆಚ್ಚಗೆ ಮಾಡಿಕೊಳ್ಳಬಹುದು, ಬಟ್ಟೆ ಒಣಗಿಸಬಹುದು, ಮಲಗುವಂತಿಲ್ಲ. ಬಿರುಗಾಳಿ ಎದ್ದರೆ, ಕಾಲು ಮುರಿದರೆ ಮಾತ್ರ ಅಲ್ಲಿ ರಾತ್ರಿ ಕಳೆಯಬಹುದು. ಔತಿಯೋತುಪಾದಲ್ಲಿ ರಾತ್ರಿಯೂ ಪುಕ್ಕಟೆಯಾಗಿ ತಂಗಬಹುದು, ಒಂದು, ಹೆಚ್ಚೆಂದರೆ ಎರಡು ರಾತ್ರಿ. ವರೌಸ್‌ತುಪಾಕ್ಕೆ ಮುಂಗಡ ಬುಕಿಂಗ್, ಹಣ, ಬೀಗದ ಕೈ ಮೂರೂ ಬೇಕು. ಬುಕ್ ಮಾಡದೆ ಅದರ ಬಾಗಿಲಿಗೆ ಹೋಗಿ ನಿಂತರೆ ಬೀಗ ನೋಡಿಕೊಂಡು ವಾಪಸ್ ಬರಬೇಕು. ಇವಲ್ಲದೆ ಲಾವು ಇದೆ, ಒಂದು ಬದಿ ತೆರೆದ ಇಳಿಜಾರು ಮಾಡಿನ ಚಪ್ಪರ. ಕೋತಾ ಎಂದರೆ ನಡುವೆ ಬೆಂಕಿಗುಂಡಿ ಇರುವ ಶಂಕುವಿನಾಕಾರದ ಮನೆ.

ಹೊರಡುವ ಮೊದಲು ಮೆಟ್ಸಾಹಲ್ಲಿತುಸ್‌ನ ಲುವೊಂತೋನ್ ಜಾಲತಾಣದಲ್ಲಿ ಆಯಾ ಕ್ಯಾಬಿನ್‌ನ ಪುಟ ತೆರೆದು ನೋಡಿ. ರಿಪೇರಿಗೆ ಮುಚ್ಚಿದ್ದರೆ, ಮಾರ್ಗ ಬದಲಾಗಿದ್ದರೆ ಅಲ್ಲಿ ಹಾಕಿರುತ್ತಾರೆ.

ಮೂರು ದಾರಿಗಳು

ಮೊದಲ ಸಲ ಬಂದವರಿಗೆ ರುಮಾಕುರು ಸಾಕು. ಸಾರಿಸೆಲ್ಕಾ ಊರಿನಿಂದಲೇ ಹೊರಟು ಸುತ್ತಿ ಬರಲು ಸುಮಾರು 7 ಕಿ.ಮೀ. ಒಂದು ಕಮರಿಯ ದಾರಿ, ಅಲ್ಲಿ ಹಳೆಯದೊಂದು, ಹೊಸದೊಂದು ಹಗಲು ಕ್ಯಾಬಿನ್. ಅರ್ಧ ದಿನ ಸಾಕಾಗುತ್ತದೆ, ಮಕ್ಕಳನ್ನೂ ಕರೆದುಕೊಂಡು ಹೋಗಬಹುದು.

ಅದೇ ದಿಕ್ಕಿನಲ್ಲಿ ಮುಂದುವರಿದರೆ ಲೂಲಂಪಿ. ಗುಡ್ಡಗಳ ನಡುವಿನ ಕೆರೆ, ದಡದಲ್ಲಿ ಹಗಲು ಕ್ಯಾಬಿನ್. ಸುತ್ತುದಾರಿ ಸುಮಾರು 15–16 ಕಿ.ಮೀ. ಈ ಮೂರರಲ್ಲಿ ಒಂದನ್ನೇ ಆರಿಸಿಕೊಳ್ಳಿ ಎಂದರೆ ಇದನ್ನೇ ಹೇಳಬೇಕು, ಏಕೆಂದರೆ ಪೈನ್ ಕಾಡು, ಗಿಡ್ಡ ಬರ್ಚ್, ಬೋಳುಗುಡ್ಡ, ಕೆರೆ ಎಲ್ಲವೂ ಒಂದೇ ದಿನದಲ್ಲಿ ಸಿಗುತ್ತವೆ, ದಾರಿ ತಪ್ಪುವ ಭಯವೂ ಕಡಿಮೆ.

ಮೂರನೆಯದು ರೌತುಲಂಪಿ. ಇದಕ್ಕೆ ಹೊರಡಬೇಕಾದ್ದು ಕೀಲೋಪಾದಿಂದ. ಸಾರಿಸೆಲ್ಕಾದಿಂದ ದಕ್ಷಿಣಕ್ಕೆ ಹೆದ್ದಾರಿ 4ರಲ್ಲಿ ಬಂದು, ಕಾಕ್ಸ್‌ಲೌತ್ತಾನೆನ್ ಬಳಿ ಪೂರ್ವಕ್ಕೆ ತಿರುಗಿದರೆ ಸಿಗುತ್ತದೆ. ಸುತ್ತು ಸುಮಾರು 20 ಕಿ.ಮೀ., ಬಹುಪಾಲು ಮರವಿಲ್ಲದ ಬಯಲು ಗುಡ್ಡ. ಗಾಳಿ ಬೀಸಿದರೆ ಮರೆಗೆ ನಿಲ್ಲಲು ಜಾಗವಿಲ್ಲ. ಹಗಲು ಉದ್ದವಿರುವ ದಿನಗಳಲ್ಲಿ, ನಡೆದು ರೂಢಿಯಿರುವವರು ಮಾತ್ರ ಹೋಗಬೇಕು. ಅಷ್ಟು ಆಗದು ಎನ್ನುವವರು ಕೀಲೋಪಾ ಶಿಖರವನ್ನೇ ಹತ್ತಿ ಇಳಿಯಬಹುದು. ಎತ್ತರ 546 ಮೀಟರ್, ಬುಡದಿಂದ ಒಂದು ಕಡೆಗೆ ಸುಮಾರು 2 ಕಿ.ಮೀ.

546 ಮೀಟರ್ ಎಂದು ಕೇಳಿ ನಗಬೇಡಿ. ಕುದುರೆಮುಖ 1,894 ಮೀಟರ್ ಇದೆ, ನಿಜ. ಆದರೆ ಇಲ್ಲಿ ಸುಮಾರು 400 ಮೀಟರ್ ದಾಟುತ್ತಿದ್ದಂತೆ ಮರಗಳೇ ಮುಗಿದುಹೋಗುತ್ತವೆ. ಥರ್ಮಾಮೀಟರ್ ಮೈನಸ್ 15 ತೋರಿಸುತ್ತಿದ್ದು ಸೆಕೆಂಡಿಗೆ 10 ಮೀಟರ್ ಗಾಳಿಯಿದ್ದರೆ ಮೈಗೆ ತಗಲುವುದು ಮೈನಸ್ 27ರ ಚಳಿ. ಕಾಡಿನೊಳಗಿದ್ದಾಗ ಹಾಯೆನಿಸಿದ ಹವೆಯೇ ಗುಡ್ಡದ ಭುಜಕ್ಕೆ ಬಂದ ಕೂಡಲೇ ಕೆನ್ನೆ ಸುಡುತ್ತದೆ. ಮುಖದ ಬಟ್ಟೆ, ಗಾಳಿ ತಡೆಯುವ ಜಾಕೆಟ್ ಹಾಕಿಕೊಳ್ಳಬೇಕಾದ್ದು ಮರಗಳ ಸಾಲು ಮುಗಿಯುವುದಕ್ಕೆ ಮೊದಲು. ಬಯಲಲ್ಲಿ ನಿಂತು ಗ್ಲೋವ್ಸ್ ಬಿಚ್ಚಿ ಜಿಪ್ ಹುಡುಕಲು ಹೋದರೆ ಬೆರಳು ಮರಗಟ್ಟುತ್ತದೆ, ಆಮೇಲೆ ಜಿಪ್ಪೂ ಹಾಕಲಾಗುವುದಿಲ್ಲ.

ಯಾವ ತಿಂಗಳು

ಸೆಪ್ಟೆಂಬರ್ ಮೊದಲ ಎರಡು-ಮೂರು ವಾರ ಉತ್ತಮ. ಬರ್ಚ್ ಎಲೆ ಹಳದಿ, ನೆಲದ ಗಿಡಗಳು ಕೆಂಪು, ಸೊಳ್ಳೆ ಹೋಗಿರುತ್ತದೆ, ರಾತ್ರಿ ಕತ್ತಲೂ ಇರುವುದರಿಂದ ಉತ್ತರದ ಬೆಳಕು ಸಿಕ್ಕರೂ ಸಿಕ್ಕೀತು. ಜೂನ್ ಮಧ್ಯದಿಂದ ಆಗಸ್ಟ್ ಆರಂಭದವರೆಗೆ ಸೂರ್ಯನ ಬೆಳಕಿಗೆ ಬರವಿಲ್ಲ. ಮೇ ಕೊನೆಯಿಂದ ಜುಲೈ ಮೂರನೇ ವಾರದವರೆಗೆ ಸೂರ್ಯ ಮುಳುಗುವುದೇ ಇಲ್ಲ. ಆದರೆ ಸೊಳ್ಳೆ, ನೊರಜುಗಳ ಕಾಟ ಊಹಿಸಲೂ ಆಗದಷ್ಟು. ಕ್ರೀಮ್ ಜೊತೆ ತಲೆಗೆ ಹಾಕುವ ಬಲೆಯೂ ಬೇಕು, ತಿಳಿ ಬಣ್ಣದ ತುಂಬುತೋಳಿನ ಅಂಗಿ ವಾಸಿ. ಜಿಗಣೆಯಿಲ್ಲ ಎಂಬುದಷ್ಟೇ ಮಲೆನಾಡಿನವರಿಗೆ ಸಮಾಧಾನ.

ಮೇ ತಿಂಗಳಲ್ಲಿ ಹೋಗಬೇಡಿ. ಹಿಮ ಮೇಲೆ ಗಟ್ಟಿಯಾಗಿ ಕಾಣುತ್ತದೆ, ಕಾಲಿಟ್ಟರೆ ತೊಡೆಯವರೆಗೆ ಇಳಿಯುತ್ತದೆ, ಅಡಿಯಲ್ಲಿ ಕರಗಿದ ನೀರು. ತೊರೆಗಳು ತುಂಬಿರುತ್ತವೆ.

ಚಳಿಗಾಲಕ್ಕೆ ಫೆಬ್ರವರಿ ಕೊನೆಯಿಂದ ಏಪ್ರಿಲ್ ಮಧ್ಯದವರೆಗಿನ ಕಾಲ ಒಳ್ಳೆಯದು. ಡಿಸೆಂಬರ್ ಆರಂಭದಿಂದ ಜನವರಿ ಎರಡನೇ ವಾರದವರೆಗೆ ಸೂರ್ಯ ಕಾಣಿಸುವುದಿಲ್ಲ. ಮಧ್ಯಾಹ್ನದ ಹೊತ್ತು ಕೆಲವು ತಾಸು ಮಬ್ಬು ಬೆಳಕು ಅಷ್ಟೇ. ಆಗ ರುಮಾಕುರುವಿಗಿಂತ ದೂರದ ಯೋಚನೆ ಬೇಡ, ತಲೆಗೆ ಕಟ್ಟುವ ದೀಪವಿಲ್ಲದೆ ಅದೂ ಬೇಡ. ಇನ್ನೊಂದು ಮಾತು: ಚಳಿಗಾಲದಲ್ಲಿ ಸ್ಕೀ ಓಡಿಸಲೆಂದು ಯಂತ್ರದಿಂದ ಹದ ಮಾಡಿದ ಹಾದಿಗಳಿರುತ್ತವೆ. ಅವುಗಳ ಮೇಲೆ ಬೂಟುಕಾಲಲ್ಲಿ ನಡೆಯುವಂತಿಲ್ಲ. ಹೆಜ್ಜೆಗುಳಿ ರಾತ್ರಿ ಗಟ್ಟಿಕಟ್ಟಿ ಮರುದಿನ ಇಳಿಜಾರಿನಲ್ಲಿ ಬರುವ ಸ್ಕೀಯರ್‌ನನ್ನು ಬೀಳಿಸುತ್ತದೆ. ನಡೆಯುವವರಿಗೆ, ಸ್ನೋಶೂ (ಹಿಮದಲ್ಲಿ ಹೂತುಹೋಗದಂತೆ ಬೂಟಿಗೆ ಕಟ್ಟುವ ಅಗಲ ಪಟ್ಟಿ) ಹಾಕಿದವರಿಗೆ ಬೇರೆ ಗುರುತಿನ ದಾರಿಗಳಿವೆ, ಊರಿನಲ್ಲಿ ಸಿಗುವ ನಕಾಶೆಯಲ್ಲಿ ನೋಡಿಕೊಳ್ಳಿ.

ಸಮಯದ ಲೆಕ್ಕ

ಬೇಸಿಗೆಯಲ್ಲಿ ಕಲ್ಲುದಾರಿಯಲ್ಲಿ ಗಂಟೆಗೆ 3 ಕಿ.ಮೀ. ಎಂದು ಹಿಡಿಯಿರಿ. ಬೆಂಗಳೂರಿನ ಪಾರ್ಕಿನಲ್ಲಿ 5 ಕಿ.ಮೀ. ನಡೆಯುವವರಿಗೂ ಇದೇ ಲೆಕ್ಕ. ಲೂಲಂಪಿಯ 16 ಕಿ.ಮೀ.ಗೆ ಐದೂಕಾಲು ಗಂಟೆಗೂ ಸ್ವಲ್ಪ ಹೆಚ್ಚು, ಕ್ಯಾಬಿನ್‌ನಲ್ಲಿ ಒಂದು ಗಂಟೆ, ನಿಂತು ಫೋಟೋ ತೆಗೆಯಲು, ಬಟ್ಟೆ ಬದಲಿಸಲು ಅರ್ಧ ಗಂಟೆ, ಒಟ್ಟು ಏಳು ಗಂಟೆ. ಸೆಪ್ಟೆಂಬರ್ ಕೊನೆಯಲ್ಲಿ ಹಗಲು ಸುಮಾರು 12 ಗಂಟೆ, ಅಕ್ಟೋಬರ್ ಕೊನೆಗೆ 7–8 ಗಂಟೆಗೆ ಇಳಿದಿರುತ್ತದೆ. ಅಂದರೆ ಒಂದೇ ತಿಂಗಳ ಅಂತರದಲ್ಲಿ ಆರಾಮದ ನಡಿಗೆ ಕತ್ತಲೊಡನೆ ಪಂದ್ಯವಾಗುತ್ತದೆ. ಸ್ನೋಶೂ ಹಾಕಿ ಹೊಸ ಹಿಮದಲ್ಲಿ ನಡೆದರೆ ಗಂಟೆಗೆ 2 ಕಿ.ಮೀ. ಸಿಕ್ಕರೆ ಪುಣ್ಯ.

ಹೊರಟ ಹೊತ್ತಿನಿಂದ ಕತ್ತಲಾಗುವವರೆಗಿನ ಸಮಯದ ಅರ್ಧ ಕಳೆದರೂ ಕ್ಯಾಬಿನ್ ಸಿಗದಿದ್ದರೆ ಅಲ್ಲಿಂದಲೇ ವಾಪಸ್. ಕ್ಯಾಬಿನ್ ಇದೆಯಲ್ಲ, ಹೇಗೋ ಸುಧಾರಿಸಿಕೊಳ್ಳೋಣ ಎಂದು ತಡವಾಗಿ ಹೊರಡುವುದು ಅತಿ ಸಾಮಾನ್ಯ ತಪ್ಪು. ಅಲ್ಲಿ ಹಾಸಿಗೆಯಿಲ್ಲ, ಹೊದಿಕೆಯಿಲ್ಲ, ಒಲೆ ಆರಿದ ಮೇಲೆ ಮರದ ಗೋಡೆ ಬೆಳಗಿನವರೆಗೆ ಬಿಸಿ ಹಿಡಿದಿಡುವುದಿಲ್ಲ.

ಚೀಲದಲ್ಲಿ ಏನಿರಬೇಕು

ಜೀನ್ಸ್ ಮತ್ತು ಹತ್ತಿಯ ಬನಿಯನ್ ಹೋಟೆಲಿನಲ್ಲೇ ಇರಲಿ. ಹತ್ತಿ ಬೆವರು ಹೀರಿ ಒದ್ದೆಯಾದರೆ ಒಣಗುವುದಿಲ್ಲ, ನಿಂತ ಕೂಡಲೇ ಮೈಯನ್ನೇ ತಣ್ಣಗೆ ಮಾಡುತ್ತದೆ. ಮೈಗೆ ತಾಗುವಂತೆ ಉಣ್ಣೆ ಅಥವಾ ಸಿಂಥೆಟಿಕ್ ಥರ್ಮಲ್, ಮೇಲೆ ಫ್ಲೀಸ್, ಅದರ ಮೇಲೆ ಗಾಳಿ-ಮಳೆ ತಡೆಯುವ ಜಾಕೆಟ್. ಜೊತೆಗೆ ಕ್ಯಾಬಿನ್ ತಲುಪಿದಾಗ ಬದಲಿಸಲು ಒಂದು ಒಣ ಥರ್ಮಲ್, ಒಂದು ಜೊತೆ ಉಣ್ಣೆ ಕಾಲುಚೀಲವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟುಕೊಳ್ಳಿ. ಹೊರಡುವಾಗ ಸ್ವಲ್ಪ ಚಳಿ ಅನಿಸಬೇಕು. ಹತ್ತು ನಿಮಿಷ ನಡೆದ ಮೇಲೆ ಸರಿಹೋಗುತ್ತದೆ. ಮೊದಲೇ ಬೆಚ್ಚಗಿದ್ದವರು ಏರಿನಲ್ಲಿ ಬೆವರಿ, ತುದಿಯಲ್ಲಿ ನಡುಗುತ್ತಾರೆ.

1:50,000 ಪ್ರಮಾಣದ ಕಾಗದದ ನಕಾಶೆ, ದಿಕ್ಸೂಚಿ ಇರಲಿ. ಫೋನು ಚಳಿಗೆ 40 ಪರ್ಸೆಂಟ್ ಬ್ಯಾಟರಿ ತೋರಿಸುತ್ತಲೇ ಆಫ್ ಆಗಿಬಿಡುತ್ತದೆ. ಅದನ್ನು ಒಳಜೇಬಿನಲ್ಲಿ, ಮೈಬಿಸಿಗೆ ತಾಗುವಂತೆ ಇಟ್ಟುಕೊಳ್ಳಿ. ಪವರ್ ಬ್ಯಾಂಕ್‌ಗೂ ಇದೇ ಉಪಚಾರ. ತುರ್ತು ಸಂಖ್ಯೆ 112. ‘112 ಸುವೊಮಿ’ ಆ್ಯಪ್ ಮೂಲಕ ಕರೆ ಮಾಡಿದರೆ ನೀವಿರುವ ಜಾಗವೂ ಅವರಿಗೆ ತಲುಪುತ್ತದೆ, ಹಾಗಾಗಿ ಊರಿನಲ್ಲಿರುವಾಗಲೇ ಹಾಕಿಕೊಳ್ಳಿ. ಕಣಿವೆಗಳಲ್ಲಿ ಸಿಗ್ನಲ್ ಇಲ್ಲದ ಜಾಗಗಳಿವೆ, ಸ್ವಲ್ಪ ಎತ್ತರಕ್ಕೆ ಹತ್ತಿದರೆ ಸಾಮಾನ್ಯವಾಗಿ ಸಿಗುತ್ತದೆ.

ಊಟದ ವಿಷಯ. ಚಿತ್ರಾನ್ನ, ಮೊಸರನ್ನ ಡಬ್ಬಿಗೆ ಹಾಕಿ ಒಯ್ದರೆ ಮೈನಸ್ 15ರಲ್ಲಿ ಕಲ್ಲಾಗುತ್ತದೆ. ಒಲೆಯ ಮೇಲೆ ಕರಗಿಸಲು ಹೋದರೆ ತಳ ಸೀದು ಮೇಲೆ ಮಂಜುಗಡ್ಡೆ. ಅವಲಕ್ಕಿಯೇ ಸರಿ. ತಲೆಗೆ 100 ಗ್ರಾಂ ತೆಳು ಅವಲಕ್ಕಿಗೆ ಒಗ್ಗರಣೆ, ಕಡಲೆಕಾಯಿ, ಉಪ್ಪು, ಚಟ್ನಿಪುಡಿ ಮೊದಲೇ ಬೆರೆಸಿ ಜಿಪ್ ಕವರಿನಲ್ಲಿ ಕಟ್ಟಿಕೊಳ್ಳಿ. ಕ್ಯಾಬಿನ್‌ನಲ್ಲಿ ಅದಕ್ಕೆ ಸುಮಾರು ಮುಕ್ಕಾಲು ಲೋಟ ಬಿಸಿನೀರು ಚಿಮುಕಿಸಿ ಎರಡು ನಿಮಿಷ ಮುಚ್ಚಿಟ್ಟರೆ ಊಟ ರೆಡಿ. ಬಿಸಿನೀರು ಹಾಕಿ ಕಲಸುವ ಉಪ್ಪಿಟ್ಟಿನ ಕಪ್‌ಗಳೂ ಆಗುತ್ತವೆ. ದಾರಿಯಲ್ಲಿ ತಿನ್ನಲು ಕಡಲೆಕಾಯಿ ಚಿಕ್ಕಿ. ಒಂದು ಲೀಟರ್ ಫ್ಲಾಸ್ಕಿನಲ್ಲಿ ಬೆಳಿಗ್ಗೆಯೇ ಕುದಿಯುವ ನೀರು ತುಂಬಿಕೊಂಡರೆ ಒಲೆ ಹತ್ತಿಕೊಳ್ಳದಿದ್ದರೂ ಉಪವಾಸವಿಲ್ಲ. ಊರಿನಿಂದ ನೇರ ಬರುವವರು ಧಾರವಾಡ ಪೇಡೆ, ತುಪ್ಪ ತರಬೇಡಿ. ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಹೊರಗಿನಿಂದ ಐರೋಪ್ಯ ಒಕ್ಕೂಟದೊಳಗೆ ತರುವಂತಿಲ್ಲ, ಕಸ್ಟಮ್ಸ್‌ನಲ್ಲಿ ಕಿತ್ತುಕೊಳ್ಳುತ್ತಾರೆ.

ಗ್ಯಾಸ್ ಸ್ಟವ್ ಒಯ್ಯುವವರಿಗೆ: ಕಾರ್ಟ್ರಿಜ್ ವಿಮಾನದಲ್ಲಿ ಬಿಡುವುದಿಲ್ಲ, ಊರಿನ ಅಂಗಡಿಯಲ್ಲಿ ಕೊಳ್ಳಬೇಕು. ಚಳಿಗಾಲವಾದರೆ ಚಳಿಗಾಲದ ಮಿಶ್ರಣವನ್ನೇ ಕೇಳಿ. ಸಾಮಾನ್ಯ ಬ್ಯುಟೇನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಆವಿಯಾಗುವುದನ್ನು ನಿಲ್ಲಿಸುತ್ತದೆ. ಡಬ್ಬಿ ತುಂಬಿದ್ದರೂ ಉರಿ ಬರುವುದಿಲ್ಲ.

ಒಲೆ ಹಚ್ಚುವುದು

ಎಲ್ಲರೂ ಎಡವುವುದು ಇಲ್ಲಿ. ಒಳಗೆ ಹೊಗೆ ತುಂಬಿ ಬಾಗಿಲು ತೆರೆದಿಟ್ಟುಕೊಂಡು ಕೂರುವ ಸ್ಥಿತಿ ಬರಬಾರದು ಎಂದರೆ ಈ ಕ್ರಮ ಹಿಡಿಯಿರಿ.

1. ಹೊಗೆಕೊಳವೆಯಲ್ಲಿ ತಗಡಿನ ಮುಚ್ಚಳವಿರುತ್ತದೆ, ಎಳೆಯುವ ಅಥವಾ ತಿರುಗಿಸುವ ಹಿಡಿಯಿಂದ ಗುರುತಿಸಬಹುದು. ಮೊದಲು ಅದನ್ನು ಪೂರ್ತಿ ತೆರೆಯಿರಿ. ಬೂದಿ ಜಾಸ್ತಿಯಿದ್ದರೆ, ಕೆಂಡವಿಲ್ಲವೆಂದು ಖಾತ್ರಿ ಮಾಡಿಕೊಂಡು ಅಲ್ಲಿಟ್ಟಿರುವ ಲೋಹದ ಬಕೆಟ್ಟಿಗೆ ತೆಗೆಯಿರಿ.

2. ಕೊಟ್ಟಿಗೆಯ ಬರ್ಚ್ ಸೌದೆಯನ್ನು ಅಲ್ಲೇ ಸೀಳಿ, ಕ್ಯಾಬಿನ್‌ನ ನೆಲದ ಮೇಲೆ ಕೊಡಲಿ ಎತ್ತಬೇಡಿ. ಮಣಿಕಟ್ಟು ದಪ್ಪದ ತುಂಡು ನಾಲ್ಕೈದು, ಹೆಬ್ಬೆರಳು ದಪ್ಪದ ಚಕ್ಕೆ ಏಳೆಂಟು, ಕಡ್ಡಿಯಂಥ ಸಿಬಿರು ಒಂದು ಹಿಡಿ ಬೇಕು.

3. ದಪ್ಪ ತುಂಡುಗಳನ್ನು ಅಡಿಯಲ್ಲಿ, ಒಂದಕ್ಕೊಂದು ಬೆರಳಿನಷ್ಟು ಸಂದು ಬಿಟ್ಟು ಇಡಿ. ಅಡ್ಡಡ್ಡ ಚಕ್ಕೆ, ಎಲ್ಲಕ್ಕಿಂತ ಮೇಲೆ ಸಿಬಿರು. ಸೌದೆಗೆ ಅಂಟಿಕೊಂಡಿರುವ ಬಿಳಿ ತೊಗಟೆಯನ್ನು ಸುಲಿದು ಸಿಬಿರಿನ ನಡುವೆ ಸಿಕ್ಕಿಸಿ. ಬರ್ಚ್ ತೊಗಟೆಯಲ್ಲಿ ಎಣ್ಣೆಯಂಶವಿರುವುದರಿಂದ ಒದ್ದೆಯಿದ್ದರೂ ಹೊತ್ತಿಕೊಳ್ಳುತ್ತದೆ. ಜೀವಂತ ಮರದ ತೊಗಟೆ ಮುಟ್ಟುವಂತಿಲ್ಲ.

4. ಕೊಳವೆ ಹಿಮದಷ್ಟು ತಣ್ಣಗಿದ್ದರೆ ಅದರೊಳಗಿನ ಭಾರದ ತಂಗಾಳಿ ಹೊಗೆಯನ್ನು ಕೆಳಕ್ಕೆ ನೂಕುತ್ತದೆ. ಒಂದು ಹಾಳೆ ಕಾಗದವನ್ನು ಉಂಡೆ ಮಾಡಿ ಒಲೆಯ ಮೇಲ್ಭಾಗದಲ್ಲಿ, ಕೊಳವೆಯ ಬಾಯಿಗೆ ಹತ್ತಿರ ಉರಿಸಿ. ಹೊಗೆ ಮೇಲಕ್ಕೆ ಎಳೆದುಕೊಂಡ ಮೇಲೆ ಮಾತ್ರ ಸಿಬಿರಿಗೆ ಮೇಲಿನಿಂದ ಬೆಂಕಿ ಕೊಡಿ.

5. ಉರಿ ಹಿಡಿದ ಮೇಲೆ ಒಲೆಯ ಬಾಗಿಲು ಮುಚ್ಚಿ, ಗಾಳಿಕಿಂಡಿ ತೆರೆದಿಡಿ. ಮುಂದೆ ಒಂದು ಸಲಕ್ಕೆ ಎರಡೇ ತುಂಡು. ತುಂಬ ತುರುಕಿದರೆ ಗಾಳಿಯಾಡದೆ ಹೊಗೆಯಾಡುತ್ತದೆ.

ಹೊರಡುವುದಕ್ಕೆ ಮುಕ್ಕಾಲು ಗಂಟೆ ಮೊದಲು ಸೌದೆ ಹಾಕುವುದನ್ನು ನಿಲ್ಲಿಸಿ. ಕೆಂಡ ಇನ್ನೂ ಕೆಂಪಗಿರುವಾಗ, ಬಿಸಿ ಹೊರಹೋಗಬಾರದೆಂದು ತಗಡಿನ ಮುಚ್ಚಳ ಹಾಕಿಬಿಡುವುದು ಪ್ರಾಣಕ್ಕೆ ಸಂಚಕಾರ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ತಲೆನೋವು, ಮಂಪರು ಬಂದಾಗಲೇ ತಡವಾಗಿರುತ್ತದೆ. ನೀಲಿ ಉರಿ ಕಾಣುತ್ತಿದ್ದರೂ ಮುಚ್ಚುವಂತಿಲ್ಲ.

ಸೌದೆ ವಿಷಯದಲ್ಲಿ ಸ್ವಲ್ಪ ಜಿಪುಣರಾಗಿ. ಅದನ್ನು ಚಳಿಗಾಲದಲ್ಲಿ ಸ್ನೋಮೊಬೈಲಿಗೆ ಕಟ್ಟಿದ ಜಾರುಬಂಡಿಯಲ್ಲಿ ತಂದು ತುಂಬಿಸುತ್ತಾರೆ. ಊಟಕ್ಕೆ ಕುಳಿತ ಒಂದು ಗಂಟೆಗೆ ಆರೇಳು ತುಂಡು ಸಾಕು, ಸೌನಾದಂತೆ (ಫಿನ್ನರ ಬಿಸಿಹಬೆಯ ಸ್ನಾನದ ಕೋಣೆ) ಕಾಯಿಸುವುದು ಬೇಡ. ಬೂಟನ್ನು ಒಲೆಗೆ ತಾಗಿಸಿ ಒಣಗಿಸಿದರೆ ಅಡಿಯ ಅಂಟು ಬಿಟ್ಟುಕೊಳ್ಳುತ್ತದೆ, ಗೊತ್ತಾಗುವುದು ವಾಪಸ್ ಬರುವ ದಾರಿಯಲ್ಲಿ. ಒಳಗಿನ ಪದರ ತೆಗೆದು ಮೇಲಿನ ಹಗ್ಗಕ್ಕೆ ನೇತುಹಾಕಿ.

ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಎಚ್ಚರಿಕೆ ಹೊರಬಿದ್ದಿದ್ದರೆ ಹೊರಗಿನ ಬೆಂಕಿಗುಂಡಿ ಹಚ್ಚುವಂತಿಲ್ಲ. ಉಳಿದ ದಿನಗಳಲ್ಲೂ ಗುರುತು ಮಾಡಿದ ಜಾಗದಲ್ಲಷ್ಟೇ ಬೆಂಕಿ.

ನೀರು, ಶೌಚ, ಕಸ

ತೊರೆಯ ನೀರು ನೋಡಲು ಕನ್ನಡಿ, ಹೆಚ್ಚಿನವರು ಹಾಗೆಯೇ ಕುಡಿಯುತ್ತಾರೆ. ಆದರೂ ಕುದಿಸಿ ಕುಡಿಯುವುದು ಲೇಸು. ಹಿಮಸಾರಂಗಗಳು ಎಲ್ಲೆಲ್ಲೂ ಮೇಯುತ್ತಿರುತ್ತವೆ. ಹಿಮ ಕರಗಿಸುವುದಾದರೆ ಪಾತ್ರೆಯ ತಳದಲ್ಲಿ ಮೊದಲು ಎರಡು ಗುಟುಕು ನೀರಿರಲಿ, ಇಲ್ಲದಿದ್ದರೆ ತಳ ಸೀಯುತ್ತದೆ, ನೀರಿಗೂ ಸೀದ ರುಚಿ ಬರುತ್ತದೆ.

ಕ್ಯಾಬಿನ್ ಪಕ್ಕದ ಶೌಚಾಲಯ ಒಣ ಶೌಚಾಲಯ. ನಾವು ರೂಢಿಯಂತೆ ಚೊಂಬು ಹಿಡಿದು ಹೋಗುತ್ತೇವೆ, ಅದು ಇಲ್ಲಿ ಆಗಿಬರುವುದಿಲ್ಲ. ಗುಂಡಿಗೆ ನೀರು ಬಿದ್ದರೆ ಗೊಬ್ಬರವಾಗುವುದು ನಿಲ್ಲುತ್ತದೆ, ಚಳಿಗಾಲದಲ್ಲಿ ಗಡ್ಡೆ ಕಟ್ಟುತ್ತದೆ. ಟಾಯ್ಲೆಟ್ ಪೇಪರ್ ನೀವೇ ಒಯ್ಯಬೇಕು. ಒದ್ದೆ ವೈಪ್ಸ್ ಬಳಸಿದರೆ ಗುಂಡಿಗೆ ಹಾಕದೆ ಕವರಿನಲ್ಲಿ ವಾಪಸ್ ತನ್ನಿ. ಮುಗಿದ ಮೇಲೆ ಪಕ್ಕದ ಡಬ್ಬಿಯಿಂದ ಒಂದು ಮೊಗೆ ಒಣಪುಡಿ ಉದುರಿಸಿ.

ಕಸದ ಡಬ್ಬಿ ಹುಡುಕಬೇಡಿ, ಇಲ್ಲ. ಶುದ್ಧ ಕಾಗದ ಒಲೆಗೆ ಹಾಕಬಹುದು. ಚಿಪ್ಸ್ ಪ್ಯಾಕೆಟ್, ಫಾಯಿಲ್, ಕಿತ್ತಳೆ ಸಿಪ್ಪೆ ಎಲ್ಲವೂ ನಿಮ್ಮ ಚೀಲಕ್ಕೆ. ಪಾತ್ರೆಯನ್ನು ಕೆರೆಯಲ್ಲಿ ಅದ್ದಿ ತೊಳೆಯಬೇಡಿ, ತೊಳೆದ ನೀರನ್ನು ದಡದಿಂದ ದೂರ ಒಯ್ದು ನೆಲಕ್ಕೆ ಚೆಲ್ಲಿ. ಮಿಕ್ಕ ಬಿಸ್ಕತ್ತು, ಅಕ್ಕಿಯನ್ನು ಮುಂದೆ ಬರುವವರಿಗೆ ಆಗಲಿ ಎಂದು ಇಟ್ಟು ಹೋಗುವುದು ಒಳ್ಳೆಯ ಮನಸ್ಸೇ, ಆದರೆ ಬರುವುದು ಇಲಿ. ಒಂದು ಸಲ ರುಚಿ ಹತ್ತಿದರೆ ಮುಂದಿನವರ ಚೀಲಕ್ಕೇ ತೂತು.

ಹೊರಡುವ ಮುನ್ನ ಗುಡಿಸಿ, ಒಂದು ತೋಳು ತುಂಬ ಸೌದೆ, ಒಂದು ಹಿಡಿ ಸಿಬಿರು ಒಲೆಯ ಪಕ್ಕ ಇಡಿ. ನೆನೆದು ನಡುಗುತ್ತ ಬಂದವರ ಬೆರಳಿಗೆ ಕೊಡಲಿ ಹಿಡಿಯುವ ಶಕ್ತಿ ಇರುವುದಿಲ್ಲ. ಅಲ್ಲಿಟ್ಟಿರುವ ಪುಸ್ತಕದಲ್ಲಿ ಹೆಸರು, ತಾರೀಖು, ಹೊತ್ತು, ಮುಂದೆ ಯಾವ ಕಡೆಗೆ ಹೋಗುತ್ತೀರಿ ಎಂದು ಬರೆಯಿರಿ. ಇಂಗ್ಲಿಷಿನಲ್ಲಿ ಬರೆದರೆ ವಾಸಿ, ನೀವು ಕಾಣೆಯಾದರೆ ಹುಡುಕಿ ಬರುವವರು ಮೊದಲು ನೋಡುವುದೇ ಅದನ್ನು. ಬಾಗಿಲ ಚಿಲಕ ಹಾಕಿ ಒಮ್ಮೆ ಎಳೆದು ನೋಡಿ. ಗಾಳಿಗೆ ತೆರೆದುಕೊಂಡರೆ ಒಂದೇ ರಾತ್ರಿಯಲ್ಲಿ ಒಳಗೆಲ್ಲ ಹಿಮ.

ರಾತ್ರಿಯೂ ಇರಬೇಕೆನಿಸಿದರೆ

ಹಗಲು ಕ್ಯಾಬಿನ್‌ನಲ್ಲಿ ಮಲಗುವ ಉಪಾಯ ಬೇಡ, ಕೀಲೋಪಾದಿಂದ ಒಳಗೆ ಸುವೊಮುನ್‌ರುವೊಕ್ತುವಿನಂಥ ಔತಿಯೋತುಪಾಗಳಿವೆ. ಅಲ್ಲಿನ ಕಟ್ಟಳೆ ನಮ್ಮ ರೈಲಿನ ಸೀಟಿಗೆ ತದ್ವಿರುದ್ಧ: ಕೊನೆಗೆ ಬಂದವರಿಗೇ ಜಾಗದ ಮೇಲೆ ಹೆಚ್ಚಿನ ಹಕ್ಕು. ಮೊದಲು ಬಂದು ವಿಶ್ರಮಿಸಿಕೊಂಡವರು ಜಾಗ ಸಾಲದಿದ್ದರೆ ಎದ್ದು ಹೊರಗೆ ಟೆಂಟ್ ಹಾಕಿಕೊಳ್ಳಬೇಕು, ಹಾಗಾಗಿ ಟೆಂಟ್ ಮತ್ತು ಚಳಿಗೆ ತಕ್ಕ ಮಲಗುಚೀಲ ಇಲ್ಲದೆ ಹೊರಡುವಂತಿಲ್ಲ. ಹಣ ಪಡೆದು ಕರೆದೊಯ್ಯುವ ತಂಡಗಳಿಗೆ, ಹತ್ತಾರು ಜನರ ಗುಂಪಿಗೆ ಈ ಕ್ಯಾಬಿನ್‌ಗಳು ಸಲ್ಲುವುದಿಲ್ಲ. ಆಫೀಸಿನ ಗೆಳೆಯರೆಲ್ಲ ಸೇರಿ ಹೋಗುವುದಾದರೆ ವರೌಸ್‌ತುಪಾ ಬುಕ್ ಮಾಡಿ.